ಕೂಸನ್ನು ಕಾಸಿದವರು ಯಾರು

ಬಿಸಿನೀರಿನ ರಬ್ಬರ್ ಚೀಲ ಕಂಡರೆ ನಾನು ಈಗಲೂ ಮುಖ ತಿರುಗಿಸುತ್ತೇನೆ. ಮೆಡಿಕಲ್ ಶಾಪಿನ ಗಾಜಿನ ಹಿಂದೆ ಕೆಂಪಗೆ, ಚಪ್ಪಟೆಯಾಗಿ ತೂಗುಬಿದ್ದಿರುತ್ತದಲ್ಲ, ಅದೇ. ಆ ರಬ್ಬರಿನ ವಾಸನೆ, ಮುಚ್ಚಳ ತಿರುಗಿಸುವಾಗಿನ ಕಿರುಗುಟ್ಟುವಿಕೆ, ಒಳಗೆ ನೀರು ಗುಳುಗುಳು ಅನ್ನುವ ಸದ್ದು, ಒಂದೂ ನನಗೆ ಆಗುವುದಿಲ್ಲ. ಒಮ್ಮೆ ಸ್ಟಾಫ್ ರೂಮಿನಲ್ಲಿ ಸೊಂಟನೋವಿನ ಒಬ್ಬ ಮೇಷ್ಟ್ರು ಅದನ್ನು ಬೆನ್ನಿಗೆ ಇಟ್ಟುಕೊಂಡು ಕೂತರು. ನಾನು ಅರ್ಧ ಉಂಡಿದ್ದ ಡಬ್ಬಿ ಮುಚ್ಚಿ ಹೊರಗೆ ಹೋದೆ. ಮೇಡಂಗೆ ಎಲ್ಲದಕ್ಕೂ ಅಸಹ್ಯ ಎಂದು ಹಿಂದಿನಿಂದ ಆಡಿಕೊಂಡರು. ಆಡಿಕೊಳ್ಳಲಿ, ನನ್ನ ಅಸಹ್ಯ ಯಾವುದರ ಮೇಲೆ ಎಂಬುದು ಅವರಿಗೆ ಗೊತ್ತಿಲ್ಲ.

ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಉಷ್ಣ ಬೇರೆ, ತಾಪ ಬೇರೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಬಂಧುಬಳಗದಲ್ಲಿ ಯಾರಿಗೆ ಜ್ವರ ಬಂದರೂ ಡಾಕ್ಟರ ಚೀಟಿಯ ಫೋಟೋ ಮೊದಲು ನನ್ನ ಫೋನಿಗೆ ಬರುತ್ತದೆ. ನಾನು ಓದಿ ಹೇಳಿದರೆ ಮಾತ್ರೆ ನುಂಗುತ್ತಾರೆ, ಇಲ್ಲದಿದ್ದರೆ ಇಲ್ಲ. ಈ ದೊಡ್ಡಸ್ತಿಕೆ ನನಗೆ ಬಹಳ ಹಿಡಿಸಿತ್ತು ಎಂದು ಈಗಲಾದರೂ ಒಪ್ಪಿಕೊಳ್ಳಬೇಕು.

ಮನೆಯಲ್ಲಿ ಇದ್ದದ್ದು ನಾನು, ನಮ್ಮವ್ವ, ಇಬ್ಬರೇ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ, ನೀರು ಎರೆದು, ಕಾಸಿಕೊಡುವವಳು ಅವಳೇ. ಕಾಸುವುದೆಂದರೆ ನಮ್ಮ ಕಡೆ ಕೆಂಡಕ್ಕೆ ಅಂಗೈ ಹಿಡಿದು, ಆ ಬಿಸಿ ಅಂಗೈಯನ್ನು ಕೂಸಿನ ನೆತ್ತಿಗೆ, ಹೊಟ್ಟೆಗೆ, ಬೆನ್ನಿಗೆ ಮೆಲ್ಲಗೆ ಒತ್ತುವುದು. ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಓಂಕಾಳು ಹಾಕಿ ಹೊಗೆ ಎಬ್ಬಿಸುತ್ತಿದ್ದಳು. ಹೊರಗೆ ಟಾರು ಕರಗುವ ಬಿಸಿಲು, ಒಳಗೆ ಕಿಟಕಿ ಮುಚ್ಚಿದ ಕೋಣೆ, ಬೆವರು, ಹರಳೆಣ್ಣೆ, ಹೊಗೆ, ಕಕ್ಕಿದ ಹಾಲು. ಆ ವಾಸನೆ ಹೊತ್ತು ಅವ್ವ ಮನೆಗೆ ಬಂದರೆ ನಾನು ಮೂಗು ಮುಚ್ಚಿಕೊಂಡು, 'ಮೊದ್ಲು ಜಳಕ ಮಾಡು ಹೋಗವ್ವ' ಎನ್ನುತ್ತಿದ್ದೆ. ಅವಳು ನಗುತ್ತ ಬಚ್ಚಲಿಗೆ ಹೋಗುತ್ತಿದ್ದಳು.

ನನ್ನ ತಂಗಿಯ ಮನೆ ಸಿರುಗುಪ್ಪದಲ್ಲಿ. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮೇ ತಿಂಗಳು, ಸಾಲೆಗೆ ರಜೆ. ಬೆಳಿಗ್ಗೆ ಎಂಟರ ಸುಮಾರಿಗೆ ತಂಗಿಯ ಫೋನು ಬಂತು.

'ಅಕ್ಕಾ, ಹೆಣ್ಣುಕೂಸು. ಆದ್ರ ಅಳವಲ್ದು ಅಕ್ಕಾ.'

ಏಳಕ್ಕೆ ಹೆರಿಗೆಯಾಗಿತ್ತು. ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡು ಕೂಸು ನೀಲಿಯಾಗಿ ಬಂದಿತ್ತಂತೆ. ಅಲ್ಲಿನ ಡಾಕ್ಟರು ಮೂಗು ಬಾಯಿಗೆ ಮಾಸ್ಕ್ ಹಿಡಿದು ಗಾಳಿಚೀಲ ಒತ್ತಿ ಒತ್ತಿ ಉಸಿರು ತುಂಬಿಸಿದ್ದರು. ಈಗ ತಾನಾಗಿ ಉಸಿರಾಡುತ್ತಿದೆ, ಆದರೆ ಅಳುವುದಿಲ್ಲ, ಕಣ್ಣು ತೆರೆಯುವುದಿಲ್ಲ, ಕೈಕಾಲು ಬಟ್ಟೆಯ ಹಾಗೆ ಜೋಲುತ್ತಿವೆ.

'ಬಳ್ಳಾರಿಗಿ ಒಯ್ರಿ ಅಂದಾರ. ಮಿದುಳಿಗಿ ಗಾಳಿ ಸಾಲದಂಗ ಆಗೈತಂತ. ಹುಟ್ಟಿ ಆರು ತಾಸಿನ್ಯಾಗ ಅಲ್ಲಿ ಮುಟ್ಟಬೇಕಂತ. ಅಲ್ಲಿ ಕೂಸಿನ್ನ ಮೂರು ದಿನ ತಣ್ಣಗ ಇಡ್ತಾರಂತ. ಅಂದ್ರ ಮಿದುಳು ಉಳೀತೈತಂತ. ದಾರ್‍ಯಾಗ ಬಿಸಿ ಮಾಡಬ್ಯಾಡ್ರಿ, ಒಂದು ಬಟ್ಟಿ ಸಾಕು ಅಂದಾರ.'

ಇಷ್ಟು ಸರಿಯಾಗಿ ಹೇಳಿದ್ದಳು. ಏಳನೇ ಇಯತ್ತೆಗೆ ಸಾಲೆ ಬಿಟ್ಟವಳು, ಅಳುತ್ತ ಅಳುತ್ತ, ಒಂದು ಮಾತೂ ತಪ್ಪದಂತೆ ಡಾಕ್ಟರು ಹೇಳಿದ್ದನ್ನು ಹೇಳಿದ್ದಳು.

ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು, ತಣ್ಣಗೆ. ನಮ್ಮಲ್ಲಿ ಕೂಸು ತಣ್ಣಗಾಯಿತು ಎಂದರೆ ಮುಂದೆ ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಆ ಮನೆಗೆ ಹೋಗಿ ಸುಮ್ಮನೆ ಕೂತು ಬರುವುದಷ್ಟೇ. ಕೂಸಿನ ಜೊತೆ ಆ ಪದವನ್ನು ಯಾರಾದರೂ ಹೇಳಿದರೆ ಹಿರಿಯರು 'ಬಿಡ್ತು ಅನ್ನು' ಎಂದು ಗದರುತ್ತಾರೆ. ತಾಪದ ಪಾಠ ಮಾಡುವ ನಾನೂ ಹಾಗೆಯೇ ಗದರಿದೆ.

'ಬಿಡ್ತು ಅನ್ನು ಹುಚ್ಚಿ! ನಿನಗ ಕೇಳ್ಸಿಲ್ಲ ಸರಿಯಾಗಿ. ಬೆಚ್ಚಗ ಇಡ್ತೀವಿ ಅಂದಿರ್ತಾರ.'

'ಇಲ್ಲಕ್ಕಾ, ತಣ್ಣಗ...'

'ಸುಮ್ನಿರು. ಆಂಬುಲೆನ್ಸ್ ಬಂತೋ ಇಲ್ಲೋ?'

ಆಂಬುಲೆನ್ಸ್ ಬರಲು ಮುಕ್ಕಾಲು ತಾಸು ಆಗುತ್ತದೆ, ಕಾಯಿರಿ, ಜೊತೆಗೆ ನರ್ಸನ್ನು ಕಳಿಸುತ್ತೇವೆ ಎಂದಿದ್ದರಂತೆ. ತಂಗಿಯ ಗಂಡನಿಗೆ ಕಾಯುವ ಜೀವವಿಲ್ಲ, ಅವನು ಆಗಲೇ ಕಾರು ತೆಗೆದಿದ್ದ. ಆಂಬುಲೆನ್ಸಿಗೇ ಕಾಯಿರಿ ಎಂದು ನಾನು ಹೇಳಬೇಕಿತ್ತು. ಅದು ಬಿಟ್ಟು, 'ಕುರುಗೋಡಿಗಿ ಬಂದು ನನ್ನ ಕರಕೊಂಡು ಹೋಗ್ರಿ, ದೊಡ್ಡ ದವಾಖಾನ್ಯಾಗ ನಿಮ್ಮಂಥವರನ್ನ ಯಾರೂ ಮಾತಾಡಿಸಂಗಿಲ್ಲ' ಎಂದೆ. ಬಳ್ಳಾರಿಯ ನೇರ ರಸ್ತೆ ಬಿಟ್ಟು ಕಾರು ಈ ಕಡೆ ತಿರುಗಿತು. ಮಿದುಳು ಉಳಿಸಿಕೊಳ್ಳಲು ಆರೇ ತಾಸು ಇದ್ದ ಕೂಸು, ನನ್ನ ದೊಡ್ಡಸ್ತಿಕೆಗಾಗಿ ಸುತ್ತು ಹಾಕಿಕೊಂಡು ನಮ್ಮ ಮನೆಗೆ ಬಂತು.

ಬಾಣಂತಿಯನ್ನು ಸಿರುಗುಪ್ಪದ ದವಾಖಾನೆಯಲ್ಲೇ ಬಿಟ್ಟು, ತಂಗಿ ಮತ್ತು ಅವಳ ಗಂಡ ಕೂಸಿನೊಂದಿಗೆ ಒಂಬತ್ತೂವರೆಗೆ ಬಂದರು. ಅಷ್ಟು ಹೊತ್ತಿಗೆ ನಾನು ಸಿದ್ಧಳಾಗಿರಬೇಕಿತ್ತು. ಬಳ್ಳಾರಿಯ ದವಾಖಾನೆಯೊಂದರಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿನಿಯ ನಂಬರು ಹುಡುಕುತ್ತ, ಇಸ್ತ್ರಿ ಮಾಡಿದ ಸೀರೆ ಉಡುತ್ತ ಇದ್ದೆ. ಹೌದು, ಇಸ್ತ್ರಿ ಮಾಡಿದ ಸೀರೆ. ಮರ್ಯಾದೆಯಿಂದ ಕಾಣದಿದ್ದರೆ ಡಾಕ್ಟರು ಕೂರಿಸಿ ಮಾತಾಡುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಥೂ!

ತಂಗಿ ಕೂಸನ್ನು ನನ್ನ ಕೈಗೆ ಕೊಟ್ಟವಳೇ ಪಡಸಾಲೆಯಲ್ಲಿ ಕುಸಿದು ಕೂತಳು. ಅವಳ ಗಂಡ ಡೀಸೆಲ್ ಹಾಕಿಸಿಕೊಂಡು ಬರಲು ಹೋದ. ಕಾರಿನ ಎಸಿ ಹಾಕಿಕೊಂಡು ಬಂದಿದ್ದರಿಂದ ಕೂಸಿನ ಅಂಗೈ ಅಂಗಾಲು ಮಣ್ಣಿನ ಹಾಗೆ ತಣ್ಣಗಿದ್ದವು. ಡಾಕ್ಟರು ಬರೆದುಕೊಟ್ಟಿದ್ದ ಇಂಗ್ಲಿಷ್ ಚೀಟಿಯನ್ನು ತಂಗಿ ಚಾಚಿದಳು. ಕೊನೆಯ ಸಾಲಿನಲ್ಲಿ ಒಂದು ಪದಕ್ಕೆ ಅಡಿಗೆರೆ ಎಳೆದಿದ್ದರು. ಕೂಸಿಗೆ ಹೈಪೋಥರ್ಮಿಯಾ ಆಗದಂತೆ ನೋಡಿಕೊಳ್ಳಿ ಎಂದು ಓದಿದೆ. ಮೈ ತಣ್ಣಗಾಗಲು ಬಿಡಬೇಡಿ ಎಂದು ಅರ್ಥ.

'ನೋಡು, ಇಲ್ಲೇ ಬರ್ದಾರ. ತಣ್ಣಗಾಗಾಕ ಬಿಡಬ್ಯಾಡ್ರಿ ಅಂತ. ನೀ ತಲಿಕೆಳಗ ಮಾಡಿ ಹೇಳ್ತಿ.'

ತಂಗಿ ಚೀಟಿಯನ್ನೇ ನೋಡಿದಳು. ಅವಳಿಗೆ ಆ ಅಕ್ಷರ ಬರುವುದಿಲ್ಲ. ಅಕ್ಕ ಓದಿದ ಮೇಲೆ ಮುಗಿಯಿತು.

ಕೂಸನ್ನು ಒಳಕೋಣೆಗೆ ಒಯ್ದು ಅವ್ವನಿಗೆ, 'ಲಗೂನ ಕಾಸು' ಎಂದೆ. ಜೀವಮಾನವೆಲ್ಲ ಯಾವ ಕೆಲಸ ಕಂಡು ಮೂಗು ಮುಚ್ಚಿಕೊಂಡಿದ್ದೆನೋ ಅದನ್ನೇ ಮಾಡು ಎಂದು ಅವಸರಿಸಿದೆ. ಅವ್ವ ಒಲೆಯ ಕೆಂಡಕ್ಕೆ ಅಂಗೈ ಹಿಡಿದು ಕೂಸಿನ ಎದೆಗೆ ಒತ್ತಿದಳು, ಬೆನ್ನಿಗೆ ಒತ್ತಿದಳು. ನಾಲ್ಕೈದು ಸಲ ಆದ ಮೇಲೆ ಮುಂಗೈ ತಿರುಗಿಸಿ ನೆತ್ತಿ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

'ಸಾಕಲೇ. ಕೈಕಾಲು ತಣ್ಣಗದಾವ ಖರೆ, ನೆತ್ತಿ ಬಿಸಿ ಐತಿ. ಇದು ಚಳಿ ಹಿಡಿದ ಕೂಸಲ್ಲ. ಇನ್ನ ಕಾಸಬಾರ್ದು.'

'ನಿನಗೇನ್ ತಿಳೀತೈತಿ, ಸುಮ್ನಿರವ್ವ. ಡಾಕ್ಟ್ರು ಬರ್ದಾರ.'

ನನ್ನ ಮುಟ್ಟಿನ ನೋವಿಗೆಂದು ತಂದಿಟ್ಟುಕೊಂಡಿದ್ದ ರಬ್ಬರ್ ಚೀಲ ಕಪಾಟಿನಲ್ಲಿತ್ತು. ಅದಕ್ಕೆ ಹಂಡೆಯ ನೀರು ತುಂಬಿದೆ. ಟವಲಿನಲ್ಲಿ ಸುತ್ತಿ ಕೂಸಿನ ಬೆನ್ನ ಕೆಳಗೆ ಇಟ್ಟೆ. ತಲೆಗೊಂದು ಉಣ್ಣೆಯ ಟೋಪಿ, ಮೈಗೆ ಎರಡು ದುಪ್ಪಟಿ. ಅವ್ವ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. 'ಬ್ಯಾಡಲೇ ಯವ್ವಾ' ಎಂದು ಇನ್ನೊಂದು ಸಲ ಅಂದಳು. ಗಂಟನ್ನು ಎತ್ತಿಕೊಂಡು ನಾನು ಕಾರಿನಲ್ಲಿ ಕೂತೆ, ಎಸಿ ಬಂದ್ ಮಾಡಿಸಿದೆ, ಗಾಜು ಏರಿಸಿದೆ. ಆಗ ಹತ್ತೂವರೆ.

ಆ ಕಾರಿನೊಳಗಿನ ಒಂದು ತಾಸನ್ನು ನೆನೆದರೆ ಇವತ್ತಿಗೂ ನನ್ನ ಮೈಮೇಲೆ ನನಗೇ ಹೇಸಿಗೆಯಾಗುತ್ತದೆ. ಕೊಳೂರು ದಾಟುವ ಹೊತ್ತಿಗೆ ಸೀರೆ ತೊಡೆಗೆ ಅಂಟಿತ್ತು. ತಂಗಿಯ ಗಂಡನ ಕುತ್ತಿಗೆಯಿಂದ ಬೆವರು ಇಳಿದು ಅಂಗಿ ತೊಯ್ದಿತ್ತು. ಗಂಟಿನೊಳಗಿಂದ ರಬ್ಬರಿನ ವಾಸನೆ ಏಳುತ್ತಿತ್ತು. ತಂಗಿ ಮೆಲ್ಲಗೆ, 'ಅಕ್ಕಾ, ಬಿಸಿ ಮಾಡಬ್ಯಾಡ್ರಿ ಅಂದಾರ' ಎಂದಳು. ನಾನು ಕ್ಲಾಸಿನಲ್ಲಿ ನೋಡುವ ಹಾಗೆ ನೋಡಿದೆ. ಗಂಟಿನೊಳಗೆ ಚೀಲ ಇದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಕೂಸಿನ ಕೆನ್ನೆಗೆ ಬಣ್ಣ ಬಂದಿತ್ತು. 'ನೋಡು, ಹೆಂಗ ಕಳಿ ಬಂತು' ಎಂದು ತೋರಿಸಿದೆ.

ಬಳ್ಳಾರಿಯಲ್ಲಿ ಮೊದಲು ಹೋದ ದವಾಖಾನೆಯಲ್ಲಿ ಕೂಸನ್ನು ತಣ್ಣಗಿಡುವ ಯಂತ್ರ ಇರಲಿಲ್ಲ, ಅವರೇ ಇನ್ನೊಂದಕ್ಕೆ ಫೋನು ಮಾಡಿ ಕಳಿಸಿದರು. ಕೋಟೆಗುಡ್ಡದ ಬಂಡೆಗಳು ಕಾದು, ಊರಿಗೆ ಊರೇ ಹಂಚಿನ ಮೇಲೆ ಕೂತಂತಿತ್ತು. ಎರಡನೆಯ ದವಾಖಾನೆ ಸೇರಿದಾಗ ಹನ್ನೆರಡು. ನರ್ಸ್ ಗಂಟು ಬಿಚ್ಚಿದಳು. ಒಂದು ದುಪ್ಪಟಿ, ಇನ್ನೊಂದು ದುಪ್ಪಟಿ, ಟವಲು. ಚೀಲ ಜಾರಿ ಮೇಜಿನ ಮೇಲೆ ಥಪ್ಪನೆ ಬಿತ್ತು. ಜ್ವರಕಡ್ಡಿ ನೂರಾ ಎರಡರ ಮೇಲೆ ತೋರಿಸಿತು.

ಮಕ್ಕಳ ಡಾಕ್ಟರು ನನಗಿಂತ ಬಹಳ ಚಿಕ್ಕವರು, ಹೆಣ್ಣುಮಗಳು. ಕೂಸನ್ನು ಒಳಗೆ ಕಳಿಸಿ, ಚೀಟಿ ಮತ್ತು ಚೀಲ ಎರಡನ್ನೂ ಹಿಡಿದುಕೊಂಡು ಕಾರಿಡಾರಿಗೆ ಬಂದರು.

'ಇದನ್ನ ಓದಿದವರು ಯಾರ್ರಿ? ಹೈಪರ್‌ಥರ್ಮಿಯಾ ಆಗಬಾರ್ದು ಅಂತ ಅಡಿಗೆರಿ ಎಳ್ದು ಬರ್ದಾರ. ಮೈ ಬಿಸಿ ಆಗಬಾರ್ದು ಅಂತ.'

ನಾನು ಚೀಟಿ ನೋಡಿದೆ. ಹೈಪರ್. ಹೈಪೋ ಅಲ್ಲ. ಡಾಕ್ಟರರ ಅಕ್ಷರ ಮುತ್ತಿನ ಹಾಗಿರಲಿಲ್ಲ, ಹಾಗೆಂದು ಓದಲು ಬಾರದಷ್ಟೂ ಇರಲಿಲ್ಲ. ನನಗೆ ಬೇಕಾದದ್ದನ್ನು ನಾನು ಓದಿಕೊಂಡಿದ್ದೆ.

ಅವರು ಸಿಟ್ಟು ನುಂಗಿಕೊಂಡು ತಿಳಿಸಿ ಹೇಳಿದರು. ಉಸಿರು ಕಟ್ಟಿದಾಗ ಮಿದುಳಿಗೆ ಒಂದು ಪೆಟ್ಟು ಬೀಳುತ್ತದೆ. ಉಸಿರು ಬಂದ ಮೇಲೆ ಮುಗಿಯಿತು ಎಂದುಕೊಳ್ಳುತ್ತೇವೆ, ಮುಗಿದಿರುವುದಿಲ್ಲ. ಕೆಲವು ತಾಸು ಬಿಟ್ಟು ಎರಡನೆಯ ಪೆಟ್ಟು ಒಳಗಿನಿಂದಲೇ ಶುರುವಾಗುತ್ತದೆ, ಅಲ್ಲಿಯವರೆಗೆ ಉಳಿದ ಜೀವಕೋಶಗಳೂ ಸಾಯತೊಡಗುತ್ತವೆ.

'ಒಲಿ ಆರಿಸಿದ ಮ್ಯಾಲೂ ಹಂಚು ರೊಟ್ಟಿ ಸುಡ್ತಿರತೈತಲ್ರಿ, ಹಂಗ. ನಾವು ಹಂಚು ತಣ್ಣಗ ಮಾಡ್ತೀವಿ. ನೀವು ಅದರ ಕೆಳಗ ಮತ್ತ ಉರಿ ಹಚ್ಕೊಂಡು ಬಂದೀರಿ.'

ಕಾಸುವುದು ಎಲ್ಲ ಕೂಸಿಗೂ ತಪ್ಪು ಎಂದು ಅವರು ಹೇಳಲಿಲ್ಲ. ತಿಂಗಳು ತುಂಬದೆ ಹುಟ್ಟಿದ್ದಕ್ಕೆ, ತೂಕ ಕಮ್ಮಿ ಇದ್ದದ್ದಕ್ಕೆ ಬಿಸುಪೇ ಜೀವ. ಉಸಿರು ಕಟ್ಟಿ ಹುಟ್ಟಿದ ಈ ಕೂಸಿಗೆ ಅದೇ ವಿಷ. ಹೀಗೆ ಹೇಳಿ ಚೀಲವನ್ನು ಎತ್ತಿ ಹಿಡಿದರು. ಒಳಗೆ ನೀರು ಗುಳುಗುಳು ಅಂದಿತು.

'ಇದನ್ನ ಇಟ್ಟು ಕೂಸಿನ್ನ ಕಾಸಿದವರು ಯಾರು?'

ತಂಗಿ ನನ್ನ ಮುಖ ನೋಡಿದಳು. ಅವಳ ಗಂಡ ನೋಡಿದ. ಬೆಂಚಿನ ಮೇಲೆ ಕೂತಿದ್ದ ಯಾರದೋ ಮನೆಯವರೂ ತಲೆ ಎತ್ತಿ ನೋಡಿದರು. ನಾನು ಇಸ್ತ್ರಿ ಸೀರೆಯ ಸೆರಗು ಸರಿಮಾಡಿಕೊಂಡೆ.

'ನಮ್ಮವ್ವ ಇಟ್ಟಾಳ್ರಿ ಮೇಡಂ. ಹಳೇ ಕಾಲದಾಕಿ, ಓದು ಬರಹ ಇಲ್ಲ. ಎಷ್ಟು ಹೇಳಿದ್ರೂ ಕೇಳಂಗಿಲ್ಲ.'

ಒಂದು ಕ್ಷಣವೂ ತಡೆಯದೆ ಬಂತು ಆ ಮಾತು. ಮೊದಲೇ ಬಾಯಲ್ಲಿ ಕೂತಿತ್ತೇನೋ ಎಂಬಂತೆ ಬಂತು. ಡಾಕ್ಟರು, 'ಓದಿದ ನೀವಾದ್ರೂ ಬ್ಯಾಡ ಅನ್ನಬೇಕಿತ್ತಲ್ರಿ' ಎಂದರು. 'ಅಂದೆ ಮೇಡಂ' ಎಂದೆ.

ಹನ್ನೆರಡೂವರೆಗೆ ಕೂಸನ್ನು ತಣ್ಣಗಿನ ಹಾಸಿಗೆಯ ಮೇಲೆ ಮಲಗಿಸಿದರು. ಆರು ತಾಸು ತುಂಬಲು ಅರ್ಧ ತಾಸು ಬಾಕಿ ಇತ್ತು. ಹಾಸಿಗೆಯ ಒಳಗೆ ನೀರು ಹರಿಯುತ್ತದೆ, ಮೈಯ ತಾಪವನ್ನು ಮೂವತ್ತಮೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಸಿ ಮೂರು ದಿನ ಹಿಡಿದಿಡುತ್ತಾರೆ. ಆಮೇಲೆ ಅವಸರ ಮಾಡದೆ, ತಾಸಿಗೆ ಅರ್ಧ ಡಿಗ್ರಿಯೂ ಮೀರದ ಹಾಗೆ ಮೇಲೆ ತರುತ್ತಾರೆ. ಎರಡನೆಯ ದಿನ ನನಗೆ ಕೈ ತೊಳೆಸಿ ಒಳಗೆ ಬಿಟ್ಟರು. ಕಾಲು ಮುಟ್ಟಿ ನೋಡಿದೆ. ತಣ್ಣಗಿತ್ತು, ಮತ್ತು ಎದೆ ಏರಿಳಿಯುತ್ತಿತ್ತು. ನಮ್ಮ ಮಾತಿನಲ್ಲಿ ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲದ ಸಂಗತಿಗಳು ಅಲ್ಲಿ ಒಂದೇ ಹಾಸಿಗೆಯ ಮೇಲಿದ್ದವು.

ಅಷ್ಟರಲ್ಲಿ ತಂಗಿ ಕಾರಿಡಾರಿನಿಂದಲೇ ಅವ್ವನಿಗೆ ಫೋನು ಮಾಡಿ ಆಗಿತ್ತು. ನಾನು ಪಕ್ಕದಲ್ಲೇ ಇದ್ದೆ. 'ನನ್ನ ಮೊಮ್ಮಗಳನ್ನ ಸುಟ್ಟೆಲ್ಲಬೇ ಮುದುಕಿ! ನಿನ್ನ ಕೈ ಸೆಟೆದು ಹೋಗ್ಲಿ' ಎಂದು ಕೂಗುತ್ತಿದ್ದಳು. ಫೋನು ಕಸಿದುಕೊಂಡು, 'ಅದು ನಾನು' ಎನ್ನಲು ಒಂದು ಉಸಿರು ಸಾಕಾಗಿತ್ತು. ನಾನು ತಂಗಿಯ ಬೆನ್ನು ಸವರಿ, 'ಹೋಗ್ಲಿ ಬಿಡು, ವಯಸ್ಸಾದಾಕಿ' ಎಂದೆ. ಸಮಾಧಾನ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಐದನೆಯ ದಿನ ಕುರುಗೋಡಿಗೆ ಬಂದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. 'ಕೂಸು ಹೆಂಗೈತಿ?' ಎಂದು ಕೇಳಿದಳು. 'ಕಣ್ಣು ತೆರ್‍ದೈತಿ' ಎಂದೆ. ತಲೆ ಅಲ್ಲಾಡಿಸಿದಳು. ಒಳಗೆ ಹೋಗಿ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು.

'ನಾನ ಇಟ್ಟೆ ಅಂತ ನಿನ್ನ ತಂಗಿಗಿ ಅಂದೀನಿ ನಾನೂ. ಇರ್ಲಿ ಬಿಡು. ನೀ ನಾಕು ಮಕ್ಕಳಿಗಿ ಪಾಠ ಹೇಳಾಕಿ, ನಿನಗ ಮರ್ಯಾದಿ ಬೇಕು. ನನಗೇನ್ ಮಾಡೋದೈತಿ?'

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ನಾನು ತಿಂದೆ. ಎರಡು ರೊಟ್ಟಿ ತಿಂದೆ.

ಸುದ್ದಿ ಓಣಿಗೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಅಲ್ಲಿಂದ ಯಾರೂ ಅವ್ವನನ್ನು ಕೂಸು ಎರೆಯಲು ಕರೆಯಲಿಲ್ಲ. ಹಿಂದಿನ ಮನೆಯ ಸೊಸೆ ಬಾಣಂತಿಯಾದಾಗ ರೂಢಿಯಂತೆ ಹರಳೆಣ್ಣೆಯ ಬಟ್ಟಲು ಹಿಡಿದು ಹೋದ ಅವ್ವ, ಹೊಸ್ತಿಲಿನಿಂದಲೇ ವಾಪಸು ಬಂದಳು. ಆ ಬಟ್ಟಲು ಅಡುಗೆಮನೆಯ ಕಿಟಕಿಯಲ್ಲಿ ಉಳಿಯಿತು, ಎಣ್ಣೆಯ ಮೇಲೆ ಇರುವೆ ಸತ್ತು ತೇಲಿದವು. ನೂರಾರು ಕೂಸುಗಳ ನೆತ್ತಿ ಮುಟ್ಟಿದ ಕೈಯದು. ಪ್ರತಿ ಸಲ ಬಿಸಿಯನ್ನು ಮೊದಲು ತನ್ನ ಚರ್ಮದ ಮೇಲೆ ನೋಡಿಕೊಂಡು ಆಮೇಲೆ ಕೂಸಿಗೆ ತಾಗಿಸಿದ ಕೈ. ರಬ್ಬರ್ ಚೀಲಕ್ಕೆ ಚರ್ಮವಿಲ್ಲ. ನನಗೂ ಇರಲಿಲ್ಲ. ಎರಡು ವರ್ಷದ ಮೇಲೆ ಅವ್ವ ಹೋದಳು, ಕೊನೆಯವರೆಗೂ ನಿಜವನ್ನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ತಂಗಿಯ ಮೊಮ್ಮಗಳಿಗೆ ಬರುವ ಮೇ ತಿಂಗಳಲ್ಲಿ ಐದು ತುಂಬುತ್ತದೆ. ಗೋಡೆ ಹಿಡಿದು ನಡೆಯುತ್ತಾಳೆ. ಎರಡೂ ಕೈ ಬಿಗಿ, ಮುಷ್ಟಿ ಬಿಚ್ಚಬೇಕಾದರೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಹತ್ತಿಪ್ಪತ್ತು ಮಾತು ಆಡುತ್ತಾಳೆ, ನಗು ಮಾತ್ರ ಧಾರಾಳ. ತಣ್ಣಗೆ ಇಡದಿದ್ದರೆ ಇಷ್ಟೂ ಇರುತ್ತಿರಲಿಲ್ಲವೇನೋ ಎನ್ನುತ್ತಾರೆ ಡಾಕ್ಟರು. ಇದರಲ್ಲಿ ಉಸಿರು ಕಟ್ಟಿದ್ದರಿಂದ ಆದದ್ದು ಎಷ್ಟು, ಕಾಸಿದ್ದರಿಂದ ಆದದ್ದು ಎಷ್ಟು ಎಂದು ಒಮ್ಮೆ ಒಬ್ಬಳೇ ಹೋಗಿ ಕೇಳಿದೆ. 'ಅದನ್ನ ಯಾರೂ ಬ್ಯಾರೆ ಮಾಡಿ ಹೇಳಾಕ ಬರಂಗಿಲ್ರಿ' ಎಂದರು. ನನಗೆ ಬೇಕಾದ ಉತ್ತರ ಅದಾಗಿತ್ತು ಎಂದು ಮೆಟ್ಟಿಲು ಇಳಿಯುವಾಗ ಗೊತ್ತಾಯಿತು.

ಕೈಕಾಲಿನ ವ್ಯಾಯಾಮಕ್ಕೆಂದು ತಂಗಿ ಅವಳನ್ನು ಬಳ್ಳಾರಿಗೆ ಕರೆದೊಯ್ಯುತ್ತಾಳೆ, ವಾಪಸು ಹೋಗುವಾಗ ಕೆಲವೊಮ್ಮೆ ನಮ್ಮಲ್ಲಿ ಇಳಿಯುತ್ತಾಳೆ. ಹೋದ ತಿಂಗಳೂ ಬಂದಿದ್ದಳು. ಪಡಸಾಲೆಯ ಗೋಡೆ ಹಿಡಿದು ನಡೆಯುತ್ತಿದ್ದ ಹುಡುಗಿ ಅವ್ವನ ಫೋಟೋದ ಕೆಳಗೆ ನಿಂತು, ಬಿಗಿದ ಮುಷ್ಟಿಯಿಂದ ಅದನ್ನು ತೋರಿಸಿ, 'ಯಾರು?' ಎಂದಳು.

'ಅದಾ? ನಿನ್ನ ಕೈ ಹಿಂಗ ಮಾಡಿದ ಮುದುಕಿ' ಎಂದಳು ತಂಗಿ. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿದ್ದವು. 'ಅವತ್ತು ನೀ ಇರ್ಲಿಲ್ಲಂದ್ರ ನಮ್ಮ ಕೂಸು ತಣ್ಣಗಾಗಿ ಹೋಗ್ತಿತ್ತು ಅಕ್ಕಾ. ನಿನ್ನ ಹೊಟ್ಟಿ ತಣ್ಣಗಿರ್ಲಿ.'

ಹುಡುಗಿ ಇನ್ನೂ ಫೋಟೋ ನೋಡುತ್ತಿದ್ದಳು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಚಹಾದ ಲೋಟ ಕೆಳಗಿಟ್ಟೆ, ಬಾಯಿ ತೆರೆದೆ.

'ಹಂಗ ಅನಬ್ಯಾಡ್ಲೇ. ಪಾಪ, ಅವ್ವಗ ತಿಳೀಲಿಲ್ಲ' ಎಂದೆ.